ಕೈ ತೊಳೆಯುವ ತರಬೇತಿಯ ಫಲಿತಾಂಶ

ಒಗೆಯುವವರ ಕೇರಿಯಲ್ಲಿ ಬೆಳಗಾಗುವುದು ಕೈ ಉರಿಯಿಂದ. ರಾತ್ರಿಯೆಲ್ಲ ಒಣಗಿ ಬಿಗಿದುಕೊಂಡ ಚರ್ಮ, ಎದ್ದು ಬೆರಳು ಮಡಚಿದೊಡನೆ ಗೆಣ್ಣುಗಳಲ್ಲಿ ಬಿರಿಯುತ್ತದೆ. ಹೆಂಗಸರು ಬಿರುಕಿಗೆ ಒಂದಿಷ್ಟು ಎಣ್ಣೆ ಸವರಿಕೊಂಡು ತೊಟ್ಟಿಯ ಹತ್ತಿರ ಹೋಗುತ್ತಾರೆ. ತೊಟ್ಟಿಯಲ್ಲಿ ಸೋಡಾ ಮತ್ತು ಬಿಳಿ ಪೌಡರು ಕದಡಿದ ನೀರು. ಅದರ ಘಾಟಿಗೆ ಮೊದಲು ಮೂಗು ಕಟ್ಟುತ್ತದೆ, ಆಮೇಲೆ ಕಣ್ಣಲ್ಲಿ ನೀರು ಬರುತ್ತದೆ. ಮೊದಲನೇ ಗಂಟು ಬಿಚ್ಚಿ ನೆನೆಹಾಕುವ ಹೊತ್ತಿಗೆ ಸವರಿದ ಎಣ್ಣೆ ಹೋಗಿ ಉರಿಯಷ್ಟೇ ಉಳಿದಿರುತ್ತದೆ. ಅದರ ಮೇಲೆ ದಿನವಿಡೀ ದುಡಿಯಬೇಕು.

ಗಂಟುಗಳು ಬರುವುದು ವಿಶ್ವವಿದ್ಯಾಲಯದಿಂದ. ಹಾಸ್ಟೆಲ್ಲುಗಳ ಹಾಸಿಗೆ ಬಟ್ಟೆ, ದಿಂಬಿನ ಚೀಲ, ಅತಿಥಿಗೃಹದ ಪರದೆ, ಸಭಾಂಗಣದ ಮೇಜುಬಟ್ಟೆ, ಪ್ರಯೋಗಾಲಯದವರ ಕೋಟು. ಎಲ್ಲವೂ ಬಿಳಿ. ಓದಿಗೂ ಬಿಳಿ ಬಣ್ಣಕ್ಕೂ ಏನು ನಂಟೋ ದೇವರೇ ಬಲ್ಲ. ಎಲ್ಲಾದರೂ ಒಂದು ಸಣ್ಣ ಕಲೆ ಉಳಿದರೆ ವಿಶ್ವವಿದ್ಯಾಲಯದ ಗುತ್ತಿಗೆದಾರ ಇಡೀ ಗಂಟನ್ನು ಮುಖದ ಮೇಲೆ ಎಸೆದ ಹಾಗೆ ವಾಪಸು ಎಸೆಯುತ್ತಾನೆ. ಹಾಗಾಗಿ ತೊಟ್ಟಿಗೆ ಇನ್ನೊಂದು ಹಿಡಿ ಪೌಡರು ಬೀಳುತ್ತದೆ. ಬಟ್ಟೆ ಹಾಲಿನ ಹಾಗಾಗುತ್ತದೆ, ಕೈ ಬೆಂದ ಹಾಗಾಗುತ್ತದೆ.

ಕೇರಿಯಲ್ಲಿ ಎಲ್ಲರಿಗಿಂತ ಹೆಚ್ಚು ಕಾಲ ಆ ನೀರಲ್ಲಿ ಕೈ ಅದ್ದಿದವಳು ದೊಡ್ಡಮ್ಮ. ಯಾರೋ ಒಬ್ಬರ ದೊಡ್ಡಮ್ಮನಲ್ಲ, ಕೇರಿಗೆ ಕೇರಿಯೇ ಅವಳನ್ನು ಕರೆಯುವುದು ಹಾಗೆ. ಅವಳ ಅಂಗೈ ತೇಯ್ದ ಕಲ್ಲಿನ ಹಾಗೆ ನುಣುಪು. ಒಂದು ಗೆರೆಯಿಲ್ಲ. ಹಿಂದೊಮ್ಮೆ ಕೈ ನೋಡಿ ಭವಿಷ್ಯ ಹೇಳುವವನೊಬ್ಬ ಕೇರಿಗೆ ಬಂದಿದ್ದನಂತೆ, ಇವಳ ಕೈ ಹಿಡಿದು ಅತ್ತ ತಿರುಗಿಸಿ ಇತ್ತ ತಿರುಗಿಸಿ, ಕೊನೆಗೆ ಏನೂ ಹೇಳದೆ ಚೀಲ ಎತ್ತಿಕೊಂಡು ಹೊರಟನಂತೆ. ದೊಡ್ಡಮ್ಮ ಇದನ್ನು ನಗಾಡಿಕೊಂಡೇ ಹೇಳುತ್ತಾಳೆ.

ಇಂಥ ಕೇರಿಗೆ ಒಂದು ಉಪಕಾರ ಮಾಡಬೇಕು ಅಂತ ವಿಶ್ವವಿದ್ಯಾಲಯಕ್ಕೆ ಅನ್ನಿಸಿತು. ಕೈ ತೊಳೆಯುವುದು ಹೇಗೆ ಅಂತ ಕಲಿಸಲಿಕ್ಕೆ ಒಬ್ಬಳನ್ನು ಕಳಿಸಿಕೊಟ್ಟಿತು.

ನಗಬೇಡಿ. ಇದು ವಾರ್ಷಿಕ ಯೋಜನೆಯಲ್ಲಿ ಇತ್ತು.

ಆ ಯೋಜನೆ ಹುಟ್ಟಿದ್ದು ಹೇಗೆಂದು ಹೇಳಬೇಕು. ವಿಶ್ವವಿದ್ಯಾಲಯದಲ್ಲಿ ವಿಸ್ತರಣಾ ವಿಭಾಗ ಅಂತ ಒಂದಿದೆ. ಒಳಗಿನ ಜ್ಞಾನ ಕಾಂಪೌಂಡು ದಾಟಿ ಹೊರಗಿನ ಜನರಿಗೆ ಮುಟ್ಟಲಿ ಅನ್ನುವುದಕ್ಕೆ ಇರುವ ವಿಭಾಗ. ಅದಕ್ಕೊಬ್ಬರು ನಿರ್ದೇಶಕರು. ನಿರ್ದೇಶಕರಿಗೆ ತಂಪಾದ ಕೋಣೆ, ಕೋಣೆಗೆ ಗಾಜಿನ ಬಾಗಿಲು. ಕಾಂಪೌಂಡು ದಾಟುವ ಕೆಲಸಕ್ಕೆ ಒಬ್ಬ ಕ್ಷೇತ್ರ ಸಹಾಯಕಿ. ನಮ್ಮ ಕತೆ ಅವಳದು. ಅವಳನ್ನು ಹನ್ನೊಂದು ತಿಂಗಳಿಗೆ ನೇಮಿಸಿಕೊಳ್ಳುತ್ತಾರೆ, ಒಂದು ತಿಂಗಳ ಮಟ್ಟಿಗೆ ಮನೆಗೆ ಕಳಿಸುತ್ತಾರೆ, ಮತ್ತೆ ಹೊಸಬಳೆಂದು ಸೇರಿಸಿಕೊಳ್ಳುತ್ತಾರೆ. ಹೀಗೆ ಹೊಸಬಳಾಗುತ್ತಲೇ ಅವಳ ತಲೆಯಲ್ಲಿ ನರೆ ಕಾಣಿಸಿಕೊಂಡಿತ್ತು. ಗಂಡ ದುಡಿಯುತ್ತಿದ್ದ ಮುದ್ರಣಾಲಯ ಬಾಗಿಲು ಹಾಕಿದ ಮೇಲೆ ಅವಳ ಸಂಬಳದಲ್ಲೇ ಮನೆ ನಡೆಯಬೇಕು. ವರ್ಷದ ಕೊನೆ ಬಂತೆಂದರೆ ಅತ್ತೆ ಊಟಕ್ಕೆ ಬಡಿಸುವಾಗೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಳು, ಈ ಸಲ ಮುಂದುವರಿಸ್ತಾರಂತಾ ಅಂತ. ಮುಂದುವರಿಸುವುದು ಬಿಡುವುದು ನಿರ್ದೇಶಕರ ಕೈಯಲ್ಲಿ, ನಿರ್ದೇಶಕರು ನೋಡುವುದು ಫಲಿತಾಂಶವನ್ನು.

ಯೋಜನೆ ಬರೆಯುವ ಸಭೆಗೆ ಅವಳು ತಯಾರಾಗಿಯೇ ಹೋಗಿದ್ದಳು. ಸಮಸ್ಯೆ ಅನ್ನುವ ಕಡೆ ಕೈ ಹುಣ್ಣು ಅಂತ ಬರೆದಿದ್ದಳು. ಚಟುವಟಿಕೆ ಅನ್ನುವ ಕಡೆ, ರಬ್ಬರಿನ ಕೈಗವಸು ಕೊಡುವುದು, ಒಗೆಯುವ ಜಾಗಕ್ಕೆ ಹರಿಯುವ ನೀರು ಕೊಡುವುದು ಅಂತ ಬರೆದಿದ್ದಳು. ಅಷ್ಟರ ಮಟ್ಟಿಗೆ ಅವಳಿಗೆ ಇನ್ನೂ ನೌಕರಿ ಅರ್ಥವಾಗಿರಲಿಲ್ಲ ಅನ್ನಬೇಕು. ನಿರ್ದೇಶಕರು ಕನ್ನಡಕ ಹಣೆಗೇರಿಸಿ ಓದಿದರು.

"ಅಲ್ಲಮ್ಮ, ಕೈಗವಸು ಕೊಟ್ರೆ ವರ್ತನೆಯ ಬದಲಾವಣೆ ಎಲ್ಲಿ ಬರುತ್ತೆ?"

"ಕೈ ವಾಸಿಯಾಗುತ್ತೆ ಸರ್."

"ಅದು ಕೈಯ ಬದಲಾವಣೆ. ನಮಗೆ ಬೇಕಾಗಿರೋದು ಮನುಷ್ಯರ ಬದಲಾವಣೆ. ನಾವು ವಸ್ತು ಹಂಚೋರಲ್ಲ, ಅರಿವು ಹಂಚೋರು. ವಸ್ತು ಕೊಟ್ರೆ ನಾಳೆ ಹರಿದುಹೋಗುತ್ತೆ, ಅರಿವು ಹರಿಯುತ್ತಾ?"

ಸಭೆಯಲ್ಲಿದ್ದವರು ತಲೆದೂಗಿದರು. ಆ ಬಟ್ಟೆ ನಮ್ಮದೇ ಅಲ್ಲವೆ, ಆ ಗುತ್ತಿಗೆದಾರ ನಮ್ಮವನೇ ಅಲ್ಲವೆ ಅನ್ನುವ ಮಾತು ಅವಳ ನಾಲಿಗೆ ತುದಿಯವರೆಗೆ ಬಂತು. ಯಾರ ಮುಖ ನೋಡಿದರೂ ಆ ಮಾತಿಗೆ ಅಲ್ಲಿ ಕುರ್ಚಿಯಿರಲಿಲ್ಲ. ಅಷ್ಟರಲ್ಲಿ ಉಗ್ರಾಣದವನು ಬಂದು ಹಿಂದೆ ಯಾವುದೋ ಶಾಲೆಗಳಿಗೆಂದು ಅಚ್ಚು ಹಾಕಿಸಿದ ಕೈ ತೊಳೆಯುವ ಪೋಸ್ಟರುಗಳು ಕಟ್ಟುಗಟ್ಟಲೆ ಬಿದ್ದಿವೆ, ಇಲಿ ತಿನ್ನುತ್ತಿವೆ ಅಂದ. ನಿರ್ದೇಶಕರ ಮುಖ ಅರಳಿತು. ಸಮಸ್ಯೆಯೂ ಕೈಯದು, ಪೋಸ್ಟರೂ ಕೈಯದು. ಇಲಿ ತಿಂದು ಉಳಿಸಿದ ಪೋಸ್ಟರಿನಿಂದ ಒಂದು ವರ್ಷದ ಯೋಜನೆ ತಯಾರಾಯಿತು.

ಮೊದಲ ತರಗತಿಯ ದಿನ ಅವಳು ಬಟ್ಟೆ ಒಣಗಹಾಕುವ ತಂತಿಗೆ ಪೋಸ್ಟರು ಸಿಕ್ಕಿಸಿದಳು. ಚಿತ್ರದಲ್ಲಿ ಒಂದು ದುಂಡು ಮಗು ನಲ್ಲಿಯ ಕೆಳಗೆ ಕೈಯೊಡ್ಡಿ ನಗುತ್ತಿತ್ತು. ಕೇರಿಯಲ್ಲಿ ನಲ್ಲಿ ಕಂಡದ್ದು ಅದೊಂದೇ. ಅಂಗೈಯಿಂದ ಅಂಗೈ ಉಜ್ಜಿ, ಬೆರಳ ಸಂದಿ ಉಜ್ಜಿ, ಉಗುರಿನ ಬುಡ ಉಜ್ಜಿ ಎಂದು ಅವಳು ಶುರುಮಾಡಿದಳು. ಹೆಂಗಸರು ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬಳು ಕಿಸಕ್ಕೆಂದಳು, ಸೆರಗು ಬಾಯಿಗಿಟ್ಟುಕೊಂಡರು, ತಡೆಯಲಾರದೆ ಎಲ್ಲರೂ ನಕ್ಕರು. ಹೊತ್ತು ಹುಟ್ಟಿದಾಗಿನಿಂದ ಮುಳುಗುವ ತನಕ ಸಾಬೂನು ನೀರಲ್ಲೇ ಇರುವ ಕೈಗಳಿಗೆ ಸಾಬೂನು ಹಾಕಿ ತೊಳೆಯಿರಿ ಅನ್ನುವವಳು ಬಂದಿದ್ದಳಲ್ಲ.

ಹೆಚ್ಚು ನಕ್ಕವಳು ದೊಡ್ಡಮ್ಮನ ಸೊಸೆ. ಕೇರಿಯಲ್ಲಿ ಅವಳ ಬಾಯಿಗೆ ಹೆದರದವರಿಲ್ಲ. ಮೇಡಂ, ಮೀನಿಗೂ ಈಜು ಕಲಿಸೋ ಯೋಜನೆ ಇದೆಯಾ ಅಂತ ಕೇಳಿಯೇಬಿಟ್ಟಳು. ಆವತ್ತಿನಿಂದ ಸಹಾಯಕಿಗೆ ಕೈಮೇಡಂ ಅಂತ ಹೆಸರು ಬಿತ್ತು. ಅವಳ ಮುಖ ಸಣ್ಣದಾಯಿತು. ಪೋಸ್ಟರು ಸುತ್ತಿಕೊಂಡು ಹೊರಡಬೇಕು, ಅಷ್ಟರಲ್ಲಿ ದೊಡ್ಡಮ್ಮ ಕೈ ಒರೆಸಿಕೊಂಡು ಬಂದು ಮುಂದೆ ಕೂತಳು.

"ಏಯ್, ಸಾಕು ಸುಮ್ನಿರ್ರೇ. ಅವಳೂ ನಮ್ಮಂಗೆ ಗಂಟು ಹೊತ್ಕೊಂಡು ಬಂದಿದಾಳೆ. ಅವಳ ಗಂಟು ಪೇಪರಿಂದು, ಅಷ್ಟೇ. ಬಂದು ಕೂತ್ಕೊಳ್ರಿ. ಹೇಳು ಮಗಳೇ, ಹೆಂಗೆ ಉಜ್ಜಬೇಕು?"

ಹೆಂಗಸರು ಕೂತರು. ವರ್ಷವಿಡೀ ಅವಳು ಬಂದಾಗಲೆಲ್ಲ ಕೂತರು. ಕಲಿಯಬೇಕಾದ್ದೇನೂ ಇರಲಿಲ್ಲ, ಇವಳ ಹೊಟ್ಟೆಪಾಡಿಗೆ ಕಲ್ಲು ಹಾಕಬಾರದು ಅಂತ ಕೂತರು. ಫೋಟೋಕ್ಕೆ ಬೇಕಾದ ಹಾಗೆ ಕೈ ಉಜ್ಜಿದರು, ನಗಿ ಅಂದಾಗ ನಕ್ಕರು. ಕೈಮೇಡಂ ಈ ಋಣ ತೀರಿಸಲು ತನಗೆ ಸಾಧ್ಯವಿದ್ದ ಒಂದೇ ಮಾತು ಕೊಟ್ಟಿದ್ದಳು. ಈ ವರ್ಷದ ವರದಿ ಹೋಗಲಿ, ಮುಂದಿನ ವರ್ಷದ ಯೋಜನೆಯಲ್ಲಿ ಕೈಗವಸು, ನೀರು ಎರಡನ್ನೂ ಹೇಗಾದರೂ ಸೇರಿಸುತ್ತೇನೆ ಅಂದಿದ್ದಳು. ಹಾಗೆ ಹೇಳುವಾಗ ಅವಳು ಅದನ್ನು ನಂಬಿದ್ದಳು.

ತಿಂಗಳ ತಿಂಗಳ ವರದಿ ಮೇಲೆ ಹೋಗುತ್ತಿತ್ತು. ತರಬೇತುದಾರರು ಅನ್ನುವ ಕಡೆ ನಿರ್ದೇಶಕರ ಹೆಸರು. ಅವರು ಕೇರಿಗೆ ಬಂದದ್ದು ಒಂದೇ ಸಲ. ಕಾರಿಂದ ಇಳಿದವರೇ ಪೌಡರಿನ ಘಾಟಿಗೆ ಕರವಸ್ತ್ರ ಮೂಗಿಗಿಟ್ಟುಕೊಂಡು, ಫೋಟೋ ಹೊಡೆಯುವಾಗ ಮಾತ್ರ ತೆಗೆದು, ಮತ್ತೆ ಇಟ್ಟುಕೊಂಡು ಹೋಗಿದ್ದರು. ಕೇರಿಯವರು ಅವರಿಗೆ ಕರ್ಚೀಫು ಸಾಹೇಬರು ಅಂತ ಹೆಸರಿಟ್ಟರು.

ವರ್ಷದ ಕೊನೆ ಬಂತು. ವರದಿಗಳಲ್ಲಿ ಇಲ್ಲದ ಜನರ ಹೆಸರು ತುಂಬುತ್ತಾರೆ ಅನ್ನುವ ದೂರು ಬಂದಿದ್ದರಿಂದ ಈ ಸಲ ಪ್ರತಿ ಫಲಾನುಭವಿಯ ಹೆಬ್ಬೆಟ್ಟನ್ನು ಯಂತ್ರದಲ್ಲಿ ಒತ್ತಿಸಬೇಕು ಅಂತ ಹೊಸ ನಿಯಮವಾಗಿತ್ತು. ಕೈಮೇಡಂ ಯಂತ್ರ ಹೊತ್ತು ಕೇರಿಗೆ ಬಂದಳು. ದೊಡ್ಡಮ್ಮ ಹೆಬ್ಬೆಟ್ಟು ಒತ್ತಿದಳು. ಯಂತ್ರ ಕೆಂಪು ದೀಪ ಹಚ್ಚಿ ಕುಂಯ್ ಅಂತು. ಒರೆಸಿ ಒತ್ತಿದಳು, ಎಣ್ಣೆ ಹಚ್ಚಿ ಒತ್ತಿದಳು, ಎಡಗೈ ಕೊಟ್ಟಳು. ಕುಂಯ್. ಸೊಸೆ ಬಂದಳು, ಅಕ್ಕಪಕ್ಕದವರು ಬಂದರು. ಯಾರದ್ದನ್ನೂ ಯಂತ್ರ ಒಪ್ಪಲಿಲ್ಲ. ಒಪ್ಪಲು ಅಲ್ಲಿ ಗೆರೆ ಇದ್ದರೆ ತಾನೆ. ವಿಶ್ವವಿದ್ಯಾಲಯದ ಹಾಸಿಗೆ ಬಟ್ಟೆಯ ಕಲೆಯ ಜೊತೆಗೆ ಅವರ ಬೆರಳಿನ ಗೆರೆಯೂ ತೊಟ್ಟಿಯ ನೀರಲ್ಲಿ ಹೋಗಿತ್ತು.

ಕೈಮೇಡಂಗೆ ಒಳಗೊಳಗೆ ಒಂದು ಆಸೆಯೂ ಹುಟ್ಟಿತು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ ಅಂದುಕೊಂಡು ನಿರ್ದೇಶಕರ ಕೋಣೆಗೆ ಹೋದಳು. ಸರ್, ಇಡೀ ಕೇರಿಯ ಹೆಂಗಸರಿಗೆ ಹೆಬ್ಬೆಟ್ಟೇ ಉಳಿದಿಲ್ಲ, ಪೌಡರು ತಿಂದುಹಾಕಿದೆ, ವರದಿಯಲ್ಲಿ ಹೀಗೇ ಬರೆಯೋಣ, ಮುಂದಿನ ವರ್ಷ ಕೈಗವಸಿಗೆ ಯಾರೂ ಇಲ್ಲ ಅನ್ನಲಾರರು ಅಂದಳು. ನಿರ್ದೇಶಕರು ಗಂಭೀರವಾದರು. ಅವರು ಗಂಭೀರವಾದದ್ದು ಬೇರೆ ಕಾರಣಕ್ಕೆ.

"ಹೆಬ್ಬೆಟ್ಟಿಲ್ಲದೋರು ಫಲಾನುಭವಿಗಳೇ ಅಲ್ಲ. ಫಲಾನುಭವಿಗಳಿಲ್ಲ ಅಂದ್ರೆ ಕಾರ್ಯಕ್ರಮ ಇಲ್ಲ. ಕಾರ್ಯಕ್ರಮ ಇಲ್ಲ ಅಂದ್ರೆ ನಿನ್ನ ಹುದ್ದೆಗೆ ಏನಂತ ಬರೀಲಮ್ಮ ನಾನು?"

ಅವರು ದನಿ ಇಳಿಸಿ ದಾರಿಯನ್ನೂ ತೋರಿಸಿದರು. ಯಂತ್ರ ಕೇಳುವುದು ಒಂದು ಹೆಬ್ಬೆಟ್ಟು, ಯಾರ ಹೆಬ್ಬೆಟ್ಟು ಅಂತ ಅದಕ್ಕೇನು ಗೊತ್ತು. ಹಾಸ್ಟೆಲ್ಲಿನಲ್ಲಿ ಅಷ್ಟು ಹುಡುಗಿಯರಿದ್ದಾರೆ, ಸಮಾಜಸೇವೆಯ ಹಾಜರಿ ಕೊಡುತ್ತೇವೆಂದರೆ ಸಾಲುಗಟ್ಟಿ ಬರುತ್ತಾರೆ.

ಬಂದರು ಕೂಡ. ಅವಳೇ ಯಂತ್ರ ಹಿಡಿದು ಹಾಸ್ಟೆಲ್ಲಿನ ಮೊಗಸಾಲೆಯಲ್ಲಿ ಕೂತಳು. ಕೇರಿಯ ಒಬ್ಬೊಬ್ಬರ ಹೆಸರು ಒತ್ತುವುದು, ಒಬ್ಬೊಬ್ಬ ಹುಡುಗಿಯ ಹೆಬ್ಬೆಟ್ಟು ಒತ್ತಿಸುವುದು. ಹುಡುಗಿಯರು ಒಳ್ಳೆಯವರು, ಇದು ಯಾವುದಕ್ಕೆ ಅಂತ ಕೇಳಲೂ ಇಲ್ಲ, ಮೊಬೈಲಿನಿಂದ ಕಣ್ಣು ತೆಗೆಯದೆ ಬೆರಳು ಕೊಟ್ಟರು. ಯಂತ್ರ ಸಂತೋಷದಿಂದ ಹಸಿರು ದೀಪ ಹಚ್ಚಿತು. ದೊಡ್ಡಮ್ಮನ ಹೆಸರಿಗೆ ಉಗುರಿಗೆ ಬಣ್ಣ ಹಚ್ಚಿದ ಒಂದು ಬೆರಳು ಬಿದ್ದಾಗ ಕೈಮೇಡಂಗೆ ಎದ್ದು ಹೋಗಬೇಕು ಅನ್ನಿಸಿತು. ಮನೆ ಬಾಡಿಗೆ ನೆನಪಾಯಿತು, ಗಂಡ ಕಿಟಕಿ ಪಕ್ಕ ಸುಮ್ಮನೆ ಕೂತಿರುವುದು ನೆನಪಾಯಿತು, ಅತ್ತೆಯ ಪ್ರಶ್ನೆ ನೆನಪಾಯಿತು. ಮುಂದಿನ ಹೆಸರು ಒತ್ತಿದಳು. ಅವಳು ಮಾಡಿದ್ದು ತಪ್ಪೇ, ಸಮರ್ಥನೆ ಮಾಡಲು ನನಗೆ ಇಷ್ಟವಿಲ್ಲ. ಆದರೆ ಮಾಡಿಸಿದವರು ತಂಪಾದ ಕೋಣೆಯಲ್ಲಿ ಕೂತಿದ್ದರು ಅನ್ನುವುದನ್ನು ಮರೆಯುವುದೂ ಬೇಡ.

ಯಂತ್ರಕ್ಕೆ ಒಂದು ಒಳ್ಳೆಯ ಅಭ್ಯಾಸವಿತ್ತು. ಹೆಬ್ಬೆಟ್ಟು ಬಿದ್ದ ಕೂಡಲೇ ಆ ಹೆಸರಿನವರ ಫೋನಿಗೆ ತಾನೇ ಅಭಿನಂದನೆ ಕಳಿಸುತ್ತಿತ್ತು. ಇದನ್ನು ನಿರ್ದೇಶಕರೂ ಯೋಚಿಸಿರಲಿಲ್ಲ, ಕೈಮೇಡಂಗೂ ಗೊತ್ತಿರಲಿಲ್ಲ. ಕೇರಿಯ ಹೆಂಗಸರೆಲ್ಲ ತೊಟ್ಟಿಯಲ್ಲಿ ಕೈಯಿಟ್ಟುಕೊಂಡಿದ್ದಾಗ ಗೋಡೆಯ ಮೇಲಿಟ್ಟ ಫೋನುಗಳು ಒಂದಾದ ಮೇಲೊಂದು ಸದ್ದು ಮಾಡಿದವು. ಓದಲು ಬರುತ್ತಿದ್ದ ಸೊಸೆ ಕೈ ಒರೆಸಿಕೊಂಡು ಬಂದು ಗಟ್ಟಿಯಾಗಿ ಓದಿದಳು. ನೀವು ಕೈ ಸ್ವಚ್ಛತೆಯ ತರಬೇತಿಯನ್ನು ಯಶಸ್ವಿಯಾಗಿ ಮುಗಿಸಿದ್ದೀರಿ, ನಿಮ್ಮ ಹೆಬ್ಬೆಟ್ಟು ದಾಖಲಾಗಿದೆ, ಅಭಿನಂದನೆಗಳು.

ಮರುದಿನ ಕೈಮೇಡಂ ಬಂದಾಗ ಯಾರೂ ಚಾಪೆ ಹಾಸಿರಲಿಲ್ಲ. ಸೊಸೆ ಫೋನು ಅವಳ ಮುಂದೆ ಹಿಡಿದಳು. ಇಲ್ಲದ ಹೆಬ್ಬೆಟ್ಟು ಎಲ್ಲಿಂದ ಹುಟ್ಟಿತು ಅಂತ ಕೇಳಿದಳು. ಕೈಮೇಡಂ ಏನಾದರೂ ಒಂದು ಹೇಳಿ ಜಾರಿಕೊಳ್ಳಬಹುದಿತ್ತು. ಸರ್ವರು, ನೆಟ್‌ವರ್ಕು ಅಂತ ಹೇಳಿದ್ದರೆ ನಡೆದುಹೋಗುತ್ತಿತ್ತು. ಅವಳು ತೊಟ್ಟಿಯ ಕಟ್ಟೆಯ ಮೇಲೆ ಕೂತು ನಡೆದದ್ದನ್ನು ನಡೆದ ಹಾಗೆ ಹೇಳಿಬಿಟ್ಟಳು. ಯಾರ ಬೆರಳು, ಎಲ್ಲಿ ಕೂತು, ಯಾರು ಹೇಳಿ ಮಾಡಿಸಿದ್ದು, ಎಲ್ಲ. ಹೇಳುವಾಗ ತಲೆ ಎತ್ತಲಾಗಲಿಲ್ಲ.

ಸೊಸೆ ಉರಿದುಬಿದ್ದಳು. ಅವರ ಹೊಲಸು ನಾವು ತೊಳೆಯೋದು, ನಮ್ಮ ಹೆಸರಿಗೆ ಅವರು ಬೆರಳು ಒತ್ತೋದು, ಚೆನ್ನಾಗಿದೆ ಅಂದಳು. ನಿಮ್ಮನ್ನ ನಂಬಿ ನಿಮಗೋಸ್ಕರ ಕೂತ್ವಲ್ಲ ಅಂದಳು. ಆ ಮಾತಿಗೆ ಕೈಮೇಡಂ ಅತ್ತಳು. ದೊಡ್ಡಮ್ಮ ಮಾತ್ರ ಬೈಯಲಿಲ್ಲ. ಅವಳು ಬೇರೇನನ್ನೋ ಲೆಕ್ಕ ಹಾಕುತ್ತಿದ್ದಳು.

"ಮಗಳೇ, ನಮ್ಮ ಕೈ ಬಗ್ಗೆ ಏನಂತ ಬರ್ದಿದಾರೆ?"

"ಗಣನೀಯ ಸುಧಾರಣೆ ಅಂತ, ದೊಡ್ಡಮ್ಮ."

"ಹಂಗಂದ್ರೆ?"

"ಚೆನ್ನಾಗಿ ವಾಸಿಯಾಗಿದೆ ಅಂತ. ಈ ಕೇರಿ ಕೆಲಸ ಮುಗೀತು ಅಂತ."

"ಹಂಗಾದ್ರೆ ಮುಂದಿನ ವರ್ಷ ಕೈಗವಸು ಕೇಳೋಕೆ ನಮಗೆ ಹುಣ್ಣೇ ಇಲ್ಲ."

ಕೈಮೇಡಂ ತಲೆ ಆಡಿಸಿದಳು. ಕೆಲಸ ಮುಗಿದ ಕೇರಿಯ ಹೆಸರು ಮುಂದಿನ ಯೋಜನೆಯಲ್ಲಿ ಬರುವುದಿಲ್ಲ. ದೊಡ್ಡಮ್ಮ ತನ್ನ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದಳು. ಗೆಣ್ಣಿನ ಬಿರುಕಿನಲ್ಲಿ ಹಸಿ ರಕ್ತವಿತ್ತು. ನಮ್ಮ ಹುಣ್ಣನ್ನೂ ಕದ್ರಲ್ಲೇ, ಅಂದಳು. ಆಮೇಲೆ ಕೈಮೇಡಂಗೆ ಕಣ್ಣೊರೆಸಿಕೊ ಅಂತ ಹೇಳಿ, ಫಲಿತಾಂಶದ ಸಭೆ ಯಾವಾಗ, ನಮ್ಮನ್ನು ಕರೀತಾರಾ ಅಂತ ವಿಚಾರಿಸಿದಳು.

ಕರೆಯುವವರಿದ್ದರು. ಮೇಲಿನಿಂದ ಮೌಲ್ಯಮಾಪನದ ತಂಡ ಬರುತ್ತಿತ್ತು. ವೇದಿಕೆಯ ಮೇಲೆ ಫಲಾನುಭವಿಗಳಿಂದ ಕೈ ತೊಳೆಯುವ ಪ್ರಾತ್ಯಕ್ಷಿಕೆ ಇರಲಿ, ಅದರಿಂದ ಅಂಕ ಹೆಚ್ಚು ಬರುತ್ತದೆ ಅಂತ ನಿರ್ದೇಶಕರೇ ತೀರ್ಮಾನಿಸಿದ್ದರು. ಆದರೆ ಹಿಂದಿನ ದಿನ ಅವರಿಗೆ ಒಂದು ಸಣ್ಣ ಭಯ ಹತ್ತಿತು. ಕೈ ತೊಳೆಯುವಾಗ ಕೈ ಕಾಣುತ್ತದೆ. ಗಣನೀಯ ಸುಧಾರಣೆಯಾದ ಕೈ ಹಾಗೆ ಕಂಡರೆ ಕಷ್ಟ. ಅವರು ಸಂಜೆಯೊಳಗೆ ಅದಕ್ಕೂ ಪರಿಹಾರ ಕಂಡುಹಿಡಿದರು. ಅಂಗಡಿಯಿಂದ ಬಿಳಿ ಕೈಗವಸು ತರಿಸಿದರು.

ವರ್ಷವಿಡೀ ಕೇಳಿದರೂ ಸಿಗದ ಕೈಗವಸು ಹೀಗೆ ಬಂತು. ರಬ್ಬರಿನದ್ದಲ್ಲ, ಮೆರವಣಿಗೆಯ ಬ್ಯಾಂಡಿನವರು ಹಾಕಿಕೊಳ್ಳುವಂಥ ತೆಳು ಹತ್ತಿಯದು. ನೀರು ತಾಗಿದರೆ ಒದ್ದೆಯಾಗಿ ಅಂಟುತ್ತದೆ, ಆದ್ದರಿಂದ ಪ್ರಾತ್ಯಕ್ಷಿಕೆ ನೀರಿಲ್ಲದೆ ನಡೆಯಬೇಕು, ಗಾಳಿಯಲ್ಲೇ ಉಜ್ಜಿದರೆ ಸಾಕು ಅಂತ ಅಪ್ಪಣೆಯಾಯಿತು. ಕಾರ್ಯಕ್ರಮ ಮುಗಿದ ಮೇಲೆ ಕೈಗವಸುಗಳನ್ನು ಒಗೆದು ವಾಪಸು ಕೊಡಬೇಕು ಅಂತಲೂ ಆಯಿತು.

ಸಭಾಂಗಣದಲ್ಲಿ ಮೇಜುಗಳಿಗೆಲ್ಲ ಬಿಳಿ ಬಟ್ಟೆ ಹಾಸಿತ್ತು. ಹೆಂಗಸರಿಗೆ ಆ ಬಟ್ಟೆಗಳ ಗುರುತು ಸಿಕ್ಕಿತು, ಒಂದರ ಅಂಚಿನ ಹೊಲಿಗೆ ತಾನೇ ಹಾಕಿದ್ದು ಅಂತ ಒಬ್ಬಳು ಪಿಸುಗುಟ್ಟಿದಳು. ಕುಲಪತಿಗಳು ನಡುವೆ ಕೂತಿದ್ದರು, ಪಕ್ಕದಲ್ಲಿ ತಂಡದವರು. ದೊಡ್ಡ ತೆರೆಯ ಮೇಲೆ ಕಾರ್ಯಕ್ರಮದ ಹೆಸರು, ಅದರ ಕೆಳಗೆ ತರಬೇತುದಾರರೆಂದು ನಿರ್ದೇಶಕರ ಹೆಸರು, ಅದರ ಕೆಳಗೆ ಸಾಲು ಸಾಲಾಗಿ ಹಸಿರು ಹೆಬ್ಬೆಟ್ಟುಗಳು. ನಿರ್ದೇಶಕರು ಒಂದು ವರ್ಷದ ತಮ್ಮ ಶ್ರಮವನ್ನು ವಿವರಿಸಿದರು. ಕೈಮೇಡಂ ಹಿಂದಿನ ಸಾಲಿನಲ್ಲಿ ಚಹಾ ಹಂಚುವವನ ಪಕ್ಕ ಕೂತಿದ್ದಳು. ಕೇರಿಯವರು ಏನು ಮಾಡಲಿದ್ದಾರೆ ಅಂತ ಅವಳಿಗೆ ಗೊತ್ತಿರಲಿಲ್ಲ. ಅವರು ಹೇಳಿರಲಿಲ್ಲ, ಕೇಳುವ ಹಕ್ಕು ತನಗಿಲ್ಲವೆಂದು ಅವಳೂ ಕೇಳಿರಲಿಲ್ಲ.

ಹೆಂಗಸರು ವೇದಿಕೆ ಹತ್ತಿ ಸಾಲಾಗಿ ನಿಂತು, ಬಿಳಿ ಕೈಗವಸಿನ ಕೈಗಳನ್ನು ಗಾಳಿಯಲ್ಲಿ ಉಜ್ಜತೊಡಗಿದರು. ಅಂಗೈಯಿಂದ ಅಂಗೈ, ಬೆರಳ ಸಂದಿ, ಉಗುರಿನ ಬುಡ. ತಂಡದವರು ತಲೆದೂಗುತ್ತಾ ಬರೆದುಕೊಳ್ಳುತ್ತಿದ್ದರು. ತಂಡದಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ಮಾತ್ರ ಪೆನ್ನು ಕೆಳಗಿಟ್ಟರು. ಅಲ್ಲ, ನೀರಿಲ್ಲವಲ್ಲ, ಕೈಗವಸು ಹಾಕಿಕೊಂಡು ಕೈ ಹೇಗೆ ತೊಳೆಯುತ್ತಾರೆ ಅಂತ ಕೇಳಿದರು. ಇದು ಸಾಂಕೇತಿಕ ಮೇಡಂ ಅಂದರು ನಿರ್ದೇಶಕರು.

"ಅಮ್ಮ ಕೇಳ್ತಿರೋದು ಸರಿಯಾಗೇ ಇದೆ," ಅಂದಳು ದೊಡ್ಡಮ್ಮ. "ನೀರು ಕೊಡಿ, ಸರಿಯಾಗೇ ತೊಳ್ದು ತೋರಿಸ್ತೀವಿ."

ಅವಳು ಕಾಯಲಿಲ್ಲ. ವೇದಿಕೆಯ ಮೇಜಿನ ಮೇಲೆ ಕುಡಿಯುವ ನೀರಿನ ಜಗ್ಗಿತ್ತು, ಹೂವಿಟ್ಟ ಒಂದು ಬೋಗುಣಿಯಿತ್ತು. ಸೊಸೆ ಹೂವು ತೆಗೆದು ಪಕ್ಕಕ್ಕಿಟ್ಟಳು. ದೊಡ್ಡಮ್ಮ ಕೈಗವಸು ಕಳಚಿ, ಮಡಚಿ, ನಿರ್ದೇಶಕರ ಮುಂದಿಟ್ಟಳು. ಅದರ ಒಳಮೈ ಗೆಣ್ಣುಗಳ ಜಾಗದಲ್ಲಿ ಕೆಂಪಗಾಗಿತ್ತು. ಸೊಸೆ ನೀರು ಹೊಯ್ದಳು. ದೊಡ್ಡಮ್ಮ, ಕೈಮೇಡಂ ಕಲಿಸಿದ ಹಾಗೇ, ಒಂದೂ ಬಿಡದೆ ಕೈ ತೊಳೆದಳು. ಬಿಳಿ ಮೇಜುಬಟ್ಟೆಗೆ ಕೈ ಒರೆಸಿದಳು. ಆಮೇಲೆ ಎರಡೂ ಅಂಗೈ ಕುಲಪತಿಗಳ ಕಡೆ ತೋರಿಸಿದಳು. ಹತ್ತಿರ ಕೂತಿದ್ದವರು ಕಣ್ಣು ಬೇರೆ ಕಡೆ ತಿರುಗಿಸಿದರು.

"ತರಬೇತಿ ಚೆನ್ನಾಗಿತ್ತು ಸ್ವಾಮಿ. ಕೈ ತೊಳ್ಕೊಳ್ಳೋದು ಕಲ್ತ್ವಿ. ಇವತ್ತು ನಿಮ್ಮ ಗಂಟಿಂದ ಕೈ ತೊಳ್ಕೊಂಡ್ವಿ. ನಿಮ್ಮ ಹಾಸಿಗೆ ಬಟ್ಟೆ, ನಿಮ್ಮ ಪರದೆ, ಈ ಮೇಜುಬಟ್ಟೆ, ಯಾವ್ದನ್ನೂ ಮುಟ್ಟಲ್ಲ. ರಬ್ಬರ್ ಕೈಗವಸು ಬರ್ಲಿ, ಹರಿಯೋ ನೀರು ಬರ್ಲಿ, ಆಮೇಲೆ ಮಾತಾಡಾಣ."

ಒಬ್ಬೊಬ್ಬಳೇ ಮುಂದೆ ಬಂದು ಕೈಗವಸು ಕಳಚಿಟ್ಟಳು, ಕೈ ತೊಳೆದಳು, ಅದೇ ಮಾತು ಹೇಳಿದಳು, ಕೈ ತೊಳ್ಕೊಂಡೆ. ಜಗ್ಗು ಖಾಲಿಯಾದಾಗ ಚಹಾದವನು ಯಾರೂ ಹೇಳದೆ ಇನ್ನೊಂದು ಜಗ್ಗು ತಂದಿಟ್ಟ. ಕುಲಪತಿಗಳ ಮುಖ ಕೆಂಪಾಯಿತು. ಹಾಸ್ಟೆಲ್ಲುಗಳು ತುಂಬಿವೆ, ಅತಿಥಿಗೃಹದಲ್ಲಿ ತಂಡದವರೇ ಮಲಗಬೇಕು, ಅದೆಲ್ಲ ಅವರಿಗೆ ಒಟ್ಟಿಗೇ ಹೊಳೆದಿರಬೇಕು. ಇವರಿಗೆ ಇದನ್ನೆಲ್ಲ ಹೇಳಿಕೊಟ್ಟವರು ಯಾರು ಅಂತ ಗುಡುಗಿದರು. ಎಲ್ಲರ ಕಣ್ಣೂ ತೆರೆಯ ಮೇಲಿದ್ದ ತರಬೇತುದಾರರ ಹೆಸರಿನ ಕಡೆ ಹೋಯಿತು.

ಆಗ ನಿರ್ದೇಶಕರೂ ಕೈ ತೊಳೆದುಕೊಂಡರು, ನೀರಿಲ್ಲದೆ. ನಾನು ಆ ಕೇರಿಗೆ ಹೋದವನೇ ಅಲ್ಲ ಸರ್, ನನ್ನ ಹೆಸರು ಬರೀ ಔಪಚಾರಿಕ, ಎಲ್ಲ ಮಾಡಿದ್ದು ಆ ಫೀಲ್ಡಿನವಳು ಅಂತ ಹಿಂದಿನ ಸಾಲಿನ ಕಡೆ ಬೆರಳು ತೋರಿಸಿದರು.

ಕೈಮೇಡಂ ಎದ್ದು ನಿಂತಳು. ನನಗೇನೂ ಗೊತ್ತಿಲ್ಲ ಸರ್ ಅಂದರೆ ನೌಕರಿ ಉಳಿಯುತ್ತಿತ್ತು. ನಿಜಕ್ಕೂ ಅವಳಿಗೆ ಗೊತ್ತಿರಲಿಲ್ಲ, ಸುಳ್ಳು ಹೇಳುವ ಅಗತ್ಯವೂ ಇರಲಿಲ್ಲ. ವೇದಿಕೆಯ ಮೇಲಿದ್ದ ದೊಡ್ಡಮ್ಮನೂ ಬೇಡ ಮಗಳೇ, ಕೂತ್ಕೊ ಅನ್ನುವ ಹಾಗೆ ಸನ್ನೆ ಮಾಡಿದಳು. ಅವಳು ಕೂರಲಿಲ್ಲ.

"ಹೌದು ಸರ್, ಇವರಿಗೆ ಕೈ ತೊಳೆಯೋದು ಕಲಿಸಿದವಳು ನಾನು. ಆ ತೆರೆ ಮೇಲಿರೋ ಹೆಬ್ಬೆಟ್ಟುಗಳು ಇವರದಲ್ಲ, ನಿಮ್ಮ ಹಾಸ್ಟೆಲ್ ಹುಡುಗೀರ್ದು. ಒತ್ತಿಸಿದ್ದೂ ನಾನೇ, ನಮ್ಮ ನಿರ್ದೇಶಕರು ಹೇಳಿದ್ದಕ್ಕೆ." ನಿರ್ದೇಶಕರ ಕಡೆ ತಿರುಗಿದಳು. "ಸರ್, ವರ್ಷವಿಡೀ ನಾನು ಮಾಡಿದ್ದನ್ನೆಲ್ಲ ನಿಮ್ಮ ಹೆಸರಲ್ಲಿ ಬರ್ಕೊಂಡ್ರಿ, ಬೇಜಾರಿಲ್ಲ. ಅದೆಲ್ಲ ಸುಳ್ಳು. ಇದೊಂದು ನಿಜವಾದ ಬದಲಾವಣೆ. ಇದನ್ನ ಮಾತ್ರ ನನ್ನ ಹೆಸರಲ್ಲಿ ಬರೀರಿ."

ಹೆಂಗಸರು ವೇದಿಕೆ ಇಳಿದು ಬಂದರು. ಅವರನ್ನು ಕರೆತಂದ ವ್ಯಾನು ಹೊರಗೆ ಇರಲಿಲ್ಲ, ಆಗಲೇ ಕಳಿಸಿಬಿಟ್ಟಿದ್ದರು. ಎಲ್ಲರೂ ನಡೆದುಕೊಂಡೇ ಹೊರಟರು, ಕೈಮೇಡಂ ಕೂಡ ಅವರ ಜೊತೆ ಹೊರಟಳು. ಸೊಸೆ ಕೈಮೇಡಂನ ಭುಜದ ಚೀಲ ತೆಗೆದು ತಾನು ಹಾಕಿಕೊಂಡಳು. ಮರುದಿನ ಬೆಳಿಗ್ಗೆ ಗಂಟು ತುಂಬಿದ ಲಾರಿ ಬಂದು ಕೇರಿಯ ಬಾಯಲ್ಲಿ ಹಾರ್ನು ಹೊಡೆಯಿತು, ಬಹಳ ಹೊತ್ತು ಹೊಡೆಯಿತು. ತೊಟ್ಟಿಯ ಕಟ್ಟೆಯ ಮೇಲೆ ಹೆಂಗಸರು ಬಿಸಿಲಿಗೆ ಕೈ ಚಾಚಿಕೊಂಡು ಕೂತಿದ್ದರು. ಒಬ್ಬರೂ ಏಳಲಿಲ್ಲ.